ವಿಯೆಟ್ನಾಂ ಪ್ರವಾಸ: ಮೂರು ಹವೆಯ ನಾಡಿಗೆ ಒಂದು ಯೋಜನೆ

ಆಗ್ನೇಯ ಏಷ್ಯಾದ ಪೂರ್ವದಂಚಿನಲ್ಲಿ ಇಂಗ್ಲಿಷಿನ ‘ಎಸ್’ ಅಕ್ಷರದಂತೆ ಬಳುಕಿ ಮಲಗಿರುವ ದೇಶ ವಿಯೆಟ್ನಾಂ. ಉತ್ತರದಿಂದ ದಕ್ಷಿಣಕ್ಕೆ ಇದರ ಉದ್ದ ಸುಮಾರು 1,650 ಕಿಲೋಮೀಟರ್. ನಡುವಿನ ಅತಿ ಕಿರಿದಾದ ಭಾಗದಲ್ಲಿ ಅಗಲ 50 ಕಿಲೋಮೀಟರ್ ಮಾತ್ರ. ಮೂರು ಸಾವಿರ ಕಿಲೋಮೀಟರಿಗೂ ಮೀರಿದ ಕಡಲತೀರ, 54 ಜನಾಂಗಗಳು, ಸಾವಿರ ವರ್ಷ ಹಳೆಯ ರಾಜಧಾನಿ, ಶಿವನನ್ನು ಪೂಜಿಸಿದ ಚಂಪಾ ರಾಜರ ದೇಗುಲಗಳು, ಫ್ರೆಂಚರು ಬಿಟ್ಟುಹೋದ ರೈಲುಮಾರ್ಗ, ಅಮೆರಿಕದೊಡನೆ ನಡೆದ ದೀರ್ಘ ಯುದ್ಧದ ಗುರುತುಗಳು ಇವೆಲ್ಲ ಒಂದೇ ದೇಶದೊಳಗಿವೆ.

ಪ್ರವಾಸಿಗರಿಗೆ ಎದುರಾಗುವ ತೊಡಕಿಗೂ ಈ ಉದ್ದವೇ ಕಾರಣ. ನೋಡಬೇಕಾದ ಊರುಗಳ ಪಟ್ಟಿಯನ್ನು ಮೊದಲು ಮಾಡಿ, ರಜೆ ಸಿಕ್ಕ ತಿಂಗಳಿಗೆ ಅದನ್ನು ಹೊಂದಿಸಲು ಹೊರಟವರು ಹಲವೊಮ್ಮೆ ನಿರಾಶರಾಗಿ ಮರಳುತ್ತಾರೆ. ವಿಯೆಟ್ನಾಮಿನ ಮಟ್ಟಿಗೆ ಯೋಜನೆ ಆರಂಭವಾಗಬೇಕಾದದ್ದು ನಕ್ಷೆಯಿಂದಲ್ಲ, ಕ್ಯಾಲೆಂಡರಿನಿಂದ.

ಮೊದಲು ತಿಂಗಳು, ಅನಂತರ ಊರು

ಇಡೀ ದೇಶಕ್ಕೆ ಅನ್ವಯಿಸುವ ಒಂದು ಮಳೆಗಾಲ ಇಲ್ಲಿಲ್ಲ. ಉತ್ತರದ ಹನೋಯಿಯಲ್ಲಿ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಸೆಖೆ ಮತ್ತು ಮಳೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸ್ವೆಟರ್ ಬೇಡುವ ಚಳಿ. ದಕ್ಷಿಣದ ಹೋ ಚಿ ಮಿನ್ ನಗರದಲ್ಲಿ ಚಳಿಯೆಂಬುದೇ ಇಲ್ಲ. ಅಲ್ಲಿ ಮೇ ತಿಂಗಳಿನಿಂದ ಅಕ್ಟೋಬರ್ ಅಥವಾ ನವೆಂಬರ್‌ವರೆಗೆ ಮಳೆ, ಉಳಿದ ಕಾಲ ಬಿಸಿಲು.

ಮಧ್ಯಭಾಗದ ಹುವೆ, ಡಾ ನಾಂಗ್, ಹೊಯಿ ಆನ್ ಊರುಗಳ ಲೆಕ್ಕ ಇವೆರಡಕ್ಕೂ ಹೊರತು. ಸಹ್ಯಾದ್ರಿಯು ನೈರುತ್ಯ ಮಾರುತವನ್ನು ತಡೆದು ಕರಾವಳಿ, ಮಲೆನಾಡಿಗೆ ಮಳೆ ಸುರಿಸಿ ಬಯಲುಸೀಮೆಯನ್ನು ಒಣಗಿಸುವಂತೆ, ಲಾವೋಸ್ ಗಡಿಯುದ್ದಕ್ಕೂ ಹಬ್ಬಿರುವ ತ್ರುವಾಂಗ್ ಸೊನ್ ಪರ್ವತಶ್ರೇಣಿಯು ಅದೇ ಮಾರುತವನ್ನು ಲಾವೋಸ್ ಕಡೆಯೇ ತಡೆಯುತ್ತದೆ. ಆದ್ದರಿಂದ ಜೂನ್, ಜುಲೈ ತಿಂಗಳುಗಳಲ್ಲಿ ಹೊಯಿ ಆನ್ ಒಣಗಿ ಸುಡುತ್ತಿರುತ್ತದೆ. ಸೆಪ್ಟೆಂಬರ್ ಬಳಿಕ ಗಾಳಿ ದಿಕ್ಕು ಬದಲಿಸಿ ಸಮುದ್ರದ ಕಡೆಯಿಂದ ಬೀಸತೊಡಗಿದಾಗ ಅದೇ ಬೆಟ್ಟಸಾಲು ಮಳೆಯನ್ನು ಈ ತೀರದ ಮೇಲೆ ಇಳಿಸುತ್ತದೆ. ಅಕ್ಟೋಬರ್ ಮತ್ತು ನವೆಂಬರ್ ಇಲ್ಲಿ ಪ್ರವಾಹದ ತಿಂಗಳುಗಳು. 2025ರ ಅಕ್ಟೋಬರ್ ಕೊನೆಯಲ್ಲಿ ಹುವೆ ಮತ್ತು ಹೊಯಿ ಆನ್ ಎರಡೂ ಜಲಾವೃತವಾಗಿ, ಪ್ರವಾಸಿಗರನ್ನು ದೋಣಿಗಳಲ್ಲಿ ಸ್ಥಳಾಂತರಿಸಬೇಕಾಯಿತು. ದಸರಾ, ದೀಪಾವಳಿ ರಜೆಗೆ ಟಿಕೆಟ್ ಕಾದಿರಿಸುವ ಕನ್ನಡಿಗರು ಇದನ್ನು ಗಮನಿಸುವುದು ಅಗತ್ಯ.

ಮೂರೂ ಭಾಗಗಳನ್ನು ಒಂದೇ ಪ್ರವಾಸದಲ್ಲಿ ನೋಡಬಯಸುವವರಿಗೆ ಮಾರ್ಚ್ ಮತ್ತು ಏಪ್ರಿಲ್ ಹೆಚ್ಚು ಅನುಕೂಲ. ಬೇಸಿಗೆ ರಜೆಯಲ್ಲೇ ಹೋಗಬೇಕಾದವರು ಮಧ್ಯಭಾಗಕ್ಕೆ ಹೆಚ್ಚು ದಿನ ನೀಡಬಹುದು. ಅಕ್ಟೋಬರ್‌ನಲ್ಲೇ ಹೊರಡುವವರು ಮಧ್ಯಭಾಗವನ್ನು ಕೈಬಿಟ್ಟು ಉತ್ತರಕ್ಕಷ್ಟೇ ಸೀಮಿತಗೊಳ್ಳುವುದು ಲೇಸು.

ಇನ್ನೊಂದು ಎಚ್ಚರಿಕೆ ‘ತೆತ್’ ಹಬ್ಬದ್ದು. ಚಾಂದ್ರಮಾನ ಹೊಸ ವರ್ಷದ ಈ ಹಬ್ಬ ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುತ್ತದೆ. 2027ರಲ್ಲಿ ಫೆಬ್ರವರಿ 6ರಂದು. ಆ ವಾರ ಇಡೀ ದೇಶ ತವರಿಗೆ ಹೊರಡುವುದರಿಂದ ರೈಲು, ಬಸ್ಸು, ವಿಮಾನಗಳು ತುಂಬಿರುತ್ತವೆ. ಅಂಗಡಿ, ಹೋಟೆಲುಗಳು ಬಾಗಿಲು ಹಾಕುತ್ತವೆ.

ದಿನಗಳ ಹಂಚಿಕೆ

ಅವಸರವಿಲ್ಲದ ಪ್ರವಾಸಕ್ಕೆ 12 ರಾತ್ರಿಗಳು ಬೇಕು. ಹನೋಯಿಯಲ್ಲಿ ಮೂರು, ಹಾ ಲಾಂಗ್ ಕೊಲ್ಲಿಯ ದೋಣಿಯಲ್ಲಿ ಒಂದು, ರೈಲಿನಲ್ಲಿ ಒಂದು, ಹುವೆಯಲ್ಲಿ ಎರಡು, ಹೊಯಿ ಆನ್‌ನಲ್ಲಿ ಮೂರು, ಹೋ ಚಿ ಮಿನ್ ನಗರದಲ್ಲಿ ಎರಡು ರಾತ್ರಿ ಎಂಬುದು ಸಮತೋಲನದ ಹಂಚಿಕೆ. ಒಂದೇ ವಾರ ಬಿಡುವಿದ್ದವರು ದೇಶದ ಒಂದು ತುದಿಯನ್ನೂ ನಡುಭಾಗವನ್ನೂ ಆರಿಸಿಕೊಂಡು ಮತ್ತೊಂದು ತುದಿಯನ್ನು ಮುಂದಿನ ಸಲಕ್ಕೆ ಬಿಡಬೇಕು. ಏಳು ದಿನಗಳಲ್ಲಿ ಐದು ಊರು ಸುತ್ತಿದವರಿಗೆ ಉಳಿಯುವುದು ವಿಮಾನ ನಿಲ್ದಾಣಗಳ ನೆನಪು ಮಾತ್ರ.

ಹನೋಯಿಯಲ್ಲಿ ಇಳಿದು ಹೋ ಚಿ ಮಿನ್ ನಗರದಿಂದ ತಾಯ್ನಾಡಿಗೆ ಮರಳುವಂತೆ ವಿಮಾನದ ಟಿಕೆಟ್ ಮಾಡಿಸಿದರೆ ಬಂದ ದಾರಿಯಲ್ಲೇ ಹಿಂದಿರುಗುವ ಒಂದು ದಿನ ಉಳಿಯುತ್ತದೆ.

ಉತ್ತರ: ಹನೋಯಿ ಮತ್ತು ಹಾ ಲಾಂಗ್

1010ರಲ್ಲಿ ತಾಂಗ್ ಲಾಂಗ್ ಎಂಬ ಹೆಸರಿನಲ್ಲಿ ರಾಜಧಾನಿಯಾದ ಹನೋಯಿ, ನಡೆದೇ ನೋಡಬೇಕಾದ ನಗರ. ಹೊವಾನ್ ಕಿಯೆಮ್ ಸರೋವರದ ಉತ್ತರಕ್ಕಿರುವ ಹಳೆಯ ಪೇಟೆಯ ಬೀದಿಗಳಿಗೆ ಅಲ್ಲಿ ಹಿಂದೆ ಮಾರಾಟವಾಗುತ್ತಿದ್ದ ಸರಕುಗಳ ಹೆಸರಿವೆ. ರೇಷ್ಮೆಯ ಬೀದಿ, ಬೆಳ್ಳಿಯ ಬೀದಿ, ಸಕ್ಕರೆಯ ಬೀದಿ ಎಂಬಿವು ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆಗಳನ್ನು ಬಲ್ಲವರಿಗೆ ಹೊಸತೆನಿಸವು. 1070ರಲ್ಲಿ ಕನ್‌ಫ್ಯೂಷಿಯಸ್‌ಗಾಗಿ ಕಟ್ಟಿಸಿದ ವಿದ್ಯಾದೇಗುಲದಲ್ಲಿ, ಅರಸರ ಕಾಲದ ಪರೀಕ್ಷೆಗಳಲ್ಲಿ ತೇರ್ಗಡೆಯಾದವರ ಹೆಸರುಗಳನ್ನು ಕೆತ್ತಿದ 82 ಶಾಸನಫಲಕಗಳು ಕಲ್ಲಿನ ಆಮೆಗಳ ಬೆನ್ನ ಮೇಲೆ ನಿಂತಿವೆ. ಗದ್ದೆಯ ನೀರಿನಲ್ಲಿ ಹುಟ್ಟಿದ ಜಲಗೊಂಬೆಯಾಟದ ಪ್ರದರ್ಶನ ಪ್ರತಿದಿನ ನಡೆಯುತ್ತದೆ. ಹೋ ಚಿ ಮಿನ್ ಅವರ ಪಾರ್ಥಿವ ಶರೀರ ಇರಿಸಿರುವ ಸಮಾಧಿಭವನಕ್ಕೆ ಬೆಳಗಿನ ವೇಳೆ ಮಾತ್ರ ಪ್ರವೇಶ; ಸೋಮವಾರ, ಶುಕ್ರವಾರ ರಜೆ.

ಹನೋಯಿಯಿಂದ ಹೆದ್ದಾರಿಯಲ್ಲಿ ಎರಡೂವರೆ ಗಂಟೆಯ ದೂರದಲ್ಲಿರುವ ಹಾ ಲಾಂಗ್ ಕೊಲ್ಲಿ 1994ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಹಸಿರು ನೀರಿನಿಂದ ನೇರವಾಗಿ ಮೇಲೆದ್ದ ಸಾವಿರಕ್ಕೂ ಹೆಚ್ಚು ಸುಣ್ಣಕಲ್ಲಿನ ದ್ವೀಪಗಳ ನಡುವೆ ರಾತ್ರಿ ತಂಗುವುದು ಈ ಪ್ರವಾಸದ ಪ್ರಮುಖ ಆಕರ್ಷಣೆ. ಆದರೆ ಹವೆಯ ಮಾತು ಇಲ್ಲಿ ಕೇವಲ ಸೌಕರ್ಯದ ವಿಷಯವಲ್ಲ. 2025ರ ಜುಲೈ 19ರಂದು ಹಠಾತ್ತನೆ ಎದ್ದ ಬಿರುಗಾಳಿಗೆ ಪ್ರವಾಸಿ ದೋಣಿಯೊಂದು ಮಗುಚಿ 30ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಬಿರುಗಾಳಿಯ ಮುನ್ಸೂಚನೆ ಇದ್ದಾಗ ಬಂದರಿನ ಅಧಿಕಾರಿಗಳು ಯಾನ ರದ್ದುಗೊಳಿಸುತ್ತಾರೆ. ಅಂಥ ದಿನ ಬೇರೆ ದೋಣಿ ಹುಡುಕುವ ಸಾಹಸ ಸಲ್ಲದು. ಹಣ ವಾಪಸಿನ ನಿಯಮವನ್ನು ಕಾದಿರಿಸುವಾಗಲೇ ಓದಿಕೊಳ್ಳಬೇಕು. ಯಾನ ರದ್ದಾದರೆ, ಸುಣ್ಣಕಲ್ಲಿನ ಬೆಟ್ಟಗಳು ಭತ್ತದ ಗದ್ದೆಗಳ ನಡುವೆ ನಿಂತಿರುವ ನಿನ್ ಬಿನ್ ಪ್ರದೇಶವನ್ನು ಮಳೆ ಬಿಟ್ಟ ಮೇಲೆ ಪರ್ಯಾಯವಾಗಿ ನೋಡಬಹುದು. ಅದು ದಕ್ಷಿಣಕ್ಕೆ ಹೋಗುವ ರೈಲುಮಾರ್ಗದ ಮೇಲೆಯೇ ಇದೆ.

ಮಧ್ಯಭಾಗ: ಹುವೆಯಿಂದ ಮಿ ಸೊನ್‌ವರೆಗೆ

ಹನೋಯಿ ಮತ್ತು ಸೈಗಾನ್ ನಡುವಣ 1,726 ಕಿಲೋಮೀಟರ್ ಉದ್ದದ ರೈಲುಮಾರ್ಗವನ್ನು ಫ್ರೆಂಚರು 1936ರಲ್ಲಿ ಪೂರ್ಣಗೊಳಿಸಿದರು. ಯುದ್ಧದಲ್ಲಿ ತುಂಡಾದ ಮಾರ್ಗ ಮತ್ತೆ ಜೋಡಣೆಯಾದದ್ದು 1976ರ ಕೊನೆಯಲ್ಲಿ. ಸಂಜೆ ಹನೋಯಿಯಲ್ಲಿ ಹತ್ತಿದರೆ ಮರುದಿನ ಬೆಳಗಿನ ವೇಳೆಗೆ ಹುವೆ ತಲುಪಬಹುದು.

1802ರಿಂದ 1945ರವರೆಗೆ ಆಳಿದ ನ್ಗುಯೆನ್ ವಂಶದ 13 ಅರಸರ ರಾಜಧಾನಿ ಹುವೆ. ಕೋಟೆಯೊಳಗಿನ ಅರಮನೆಗಳಲ್ಲಿ ಬಹುಪಾಲು 1947 ಮತ್ತು 1968ರ ಕದನಗಳಲ್ಲಿ ನಾಶವಾದವು. ಪಟ್ಟಾಭಿಷೇಕದ ತಾಯ್ ಹೊವಾ ಅರಮನೆ ದುರಸ್ತಿಯ ನಂತರ 2024ರ ನವೆಂಬರ್‌ನಲ್ಲಿ ಮತ್ತೆ ತೆರೆಯಿತು. ಊರ ಹೊರಗಿನ ಮಿನ್ ಮಾಂಗ್, ತು ದುಕ್, ಖಾಯ್ ದಿನ್ ಅರಸರ ಸಮಾಧಿಗಳಿಗೆ ಒಂದು ದಿನ ಮೀಸಲಿಡಬೇಕು.

ಹುವೆಯಿಂದ ಡಾ ನಾಂಗ್‌ಗೆ ಹೋಗುವ ಸುಮಾರು 100 ಕಿಲೋಮೀಟರ್ ದಾರಿಯನ್ನು ಹಗಲು ರೈಲಿನಲ್ಲೇ ಕ್ರಮಿಸುವುದು ಉತ್ತಮ. 2005ರಲ್ಲಿ ಸುರಂಗ ತೆರೆದ ಮೇಲೆ ರಸ್ತೆ ವಾಹನಗಳು ಹಾಯ್ ವಾನ್ ಬೆಟ್ಟದೊಳಗೆ ನುಗ್ಗಿ ಹೊರಬರುತ್ತವೆ. ರೈಲು ಮಾತ್ರ ಇಂದಿಗೂ ಬೆಟ್ಟದ ಅಂಚಿನಲ್ಲಿ ಕಡಲನ್ನು ಬಳಸಿಕೊಂಡು ಸಾಗುತ್ತದೆ. ದಕ್ಷಿಣಕ್ಕೆ ಹೋಗುವಾಗ ಎಡಬದಿಯ ಕಿಟಕಿ ಕೇಳಿ ಪಡೆಯಬೇಕು.

ಹೊಯಿ ಆನ್‌ಗೆ ರೈಲು ನಿಲ್ದಾಣವೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಡಾ ನಾಂಗ್‌ನಿಂದ 30 ಕಿಲೋಮೀಟರ್ ಕಾರಿನಲ್ಲಿ ಸಾಗಬೇಕು. 2025ರ ಜುಲೈ 1ರಂದು ದೇಶದ 63 ಪ್ರಾಂತಗಳನ್ನು 34ಕ್ಕೆ ಇಳಿಸಿದಾಗ ಈ ಊರು ಡಾ ನಾಂಗ್ ನಗರಾಡಳಿತಕ್ಕೆ ಸೇರಿತು. ಹಳೆಯ ನಕ್ಷೆ, ಕೈಪಿಡಿಗಳಲ್ಲಿ ಕ್ವಾಂಗ್ ನಾಮ್ ಪ್ರಾಂತವೆಂದೇ ಇರುತ್ತದೆ. 15ರಿಂದ 19ನೇ ಶತಮಾನದವರೆಗೆ ಚೀನಾ, ಜಪಾನಿನ ವರ್ತಕರು ನೆಲೆಸಿದ್ದ ಈ ಬಂದರು, ನದಿಯಲ್ಲಿ ಹೂಳು ತುಂಬಿ ವ್ಯಾಪಾರ ಡಾ ನಾಂಗ್‌ಗೆ ಸರಿದುದರಿಂದ ಹಾಗೆಯೇ ಉಳಿಯಿತು. ಚಾಂದ್ರಮಾನ ತಿಂಗಳ 14ನೇ ರಾತ್ರಿ ವಿದ್ಯುದ್ದೀಪ ಆರಿಸಿ ಕಾಗದ, ರೇಷ್ಮೆಯ ಲಾಂದ್ರಗಳನ್ನು ಬೆಳಗಿಸುತ್ತಾರೆ. ತಂಗುವ ದಿನಗಳನ್ನು ಹುಣ್ಣಿಮೆಯ ಹಿಂದಿನ ದಿನಕ್ಕೆ ಹೊಂದಿಸಿಕೊಳ್ಳಲು ಸಾಧ್ಯವಾದರೆ ಒಳ್ಳೆಯದು.

ಹೊಯಿ ಆನ್‌ನಿಂದ ಅರ್ಧ ದಿನದಲ್ಲಿ ನೋಡಿ ಬರಬಹುದಾದ ಮಿ ಸೊನ್, ಭಾರತೀಯರು ತಪ್ಪಿಸಿಕೊಳ್ಳಬಾರದ ತಾಣ. ನಾಲ್ಕನೇ ಶತಮಾನದಲ್ಲಿ ಚಂಪಾದ ಭದ್ರವರ್ಮ ಇಲ್ಲಿ ಭದ್ರೇಶ್ವರ ಲಿಂಗವನ್ನು ಸ್ಥಾಪಿಸಿದ. ಮುಂದೆ ಸಾವಿರ ವರ್ಷಗಳ ಕಾಲ ಚಂಪಾ ಅರಸರು ಇಲ್ಲಿ ಇಟ್ಟಿಗೆಯ ದೇಗುಲಗಳನ್ನು ಕಟ್ಟಿಸಿದರು. ಸಂಸ್ಕೃತದಲ್ಲಿ ಶಾಸನಗಳನ್ನು ಬರೆಸಿದರು. 1969ರ ಆಗಸ್ಟ್‌ನಲ್ಲಿ ಅಮೆರಿಕದ ಬಾಂಬ್ ದಾಳಿಗೆ ಪ್ರಮುಖ ಗೋಪುರಗಳು ಕುಸಿದವು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಸಂರಕ್ಷಣಾ ಕಾರ್ಯ ನಡೆಸುತ್ತಿದ್ದಾಗ 2020ರ ಮೇ ತಿಂಗಳಲ್ಲಿ ಒಂಬತ್ತನೇ ಶತಮಾನದ ಏಕಶಿಲಾ ಶಿವಲಿಂಗ ಪತ್ತೆಯಾಯಿತು. ಬಿಸಿಲೇರುವ ಮುನ್ನ ಬೆಳಿಗ್ಗೆಯೇ ಹೋಗುವುದು ಸೂಕ್ತ. ಚಂಪಾದ ಮೂರ್ತಿಶಿಲ್ಪಗಳನ್ನು ಡಾ ನಾಂಗ್‌ನ ಚಾಮ್ ಶಿಲ್ಪ ಸಂಗ್ರಹಾಲಯದಲ್ಲಿ ನೋಡಬಹುದು.

ದಕ್ಷಿಣ: ಸೈಗಾನ್ ಮತ್ತು ಮೆಕಾಂಗ್

ಡಾ ನಾಂಗ್‌ನಿಂದ ದಕ್ಷಿಣಕ್ಕೆ ವಿಮಾನವೇ ಸೂಕ್ತ. ಸೈಗಾನ್ ಎಂಬ ಹಳೆಯ ಹೆಸರಿನಿಂದಲೇ ಇಂದಿಗೂ ಕರೆಸಿಕೊಳ್ಳುವ ಹೋ ಚಿ ಮಿನ್ ನಗರದಲ್ಲಿ ಯುದ್ಧ ಅವಶೇಷಗಳ ಸಂಗ್ರಹಾಲಯ, 1975ರ ಏಪ್ರಿಲ್ 30ರಂದು ಟ್ಯಾಂಕ್ ನುಗ್ಗಿದ ಸ್ವಾತಂತ್ರ್ಯ ಅರಮನೆ, ಫ್ರೆಂಚರ ಕಾಲದ ಅಂಚೆ ಕಚೇರಿಗಳನ್ನು ಒಂದು ದಿನದಲ್ಲಿ ನೋಡಬಹುದು. ಸಂಗ್ರಹಾಲಯದ ಚಿತ್ರಗಳು ಮನಕಲಕುವಂಥವು. ಚಿಕ್ಕ ಮಕ್ಕಳನ್ನು ಕರೆದೊಯ್ಯುವ ಮುನ್ನ ಯೋಚಿಸಬೇಕು. ತಮಿಳು ವರ್ತಕರು ಕಟ್ಟಿಸಿದ ಮಾರಿಯಮ್ಮನ ಗುಡಿಯೂ ನಗರದ ನಡುವಿನಲ್ಲಿದೆ. ಅಲ್ಲಿ ಹರಕೆ ಹೊರುವವರಲ್ಲಿ ಸ್ಥಳೀಯ ವಿಯೆಟ್ನಾಮೀಯರೂ ಇದ್ದಾರೆ.

ಮೆಕಾಂಗ್ ನದೀಮುಖಜ ಭೂಮಿಯ ತೇಲುವ ಸಂತೆಗಳ ಬಗ್ಗೆ ನಿರೀಕ್ಷೆ ಮಿತವಾಗಿರಲಿ. ರಸ್ತೆ, ಸೇತುವೆಗಳು ಬಂದ ಮೇಲೆ ದೋಣಿ ವ್ಯಾಪಾರ ಕುಗ್ಗಿದೆ. ಕಾನ್ ಥೊ ಬಳಿಯ ಕಾಯ್ ರಾಂಗ್ ಸಂತೆ ನಸುಕಿನಲ್ಲೇ ಮುಗಿಯುವುದರಿಂದ ಹಿಂದಿನ ರಾತ್ರಿ ಕಾನ್ ಥೊದಲ್ಲೇ ತಂಗಬೇಕಾಗುತ್ತದೆ.

ಊಟದ ಮಾತು

ಹನೋಯಿಯ ‘ಫ’ ಎಂಬ ಅಕ್ಕಿಶ್ಯಾವಿಗೆಯ ಸಾರು, ಹುವೆಯ ಖಾರದ ‘ಬುನ್ ಬೊ’, ಹೊಯಿ ಆನ್‌ನ ದಪ್ಪ ಶ್ಯಾವಿಗೆ ‘ಕಾವ್ ಲಾವ್’, ಸೈಗಾನ್‌ನ ನುಚ್ಚಕ್ಕಿಯ ಅನ್ನ ‘ಕೊಮ್ ತಾಮ್’ ಹೀಗೆ ಊರಿಗೊಂದು ರುಚಿಯಿದೆ. ಅಕ್ಕಿಹಿಟ್ಟು, ಅರಿಸಿನ, ತೆಂಗಿನ ಹಾಲಿನ ‘ಬಾನ್ ಸೆಯೊ’ ನೋಟಕ್ಕೆ ನಮ್ಮ ದೋಸೆಯನ್ನೇ ಹೋಲುತ್ತದೆ. ಒಳಗಿರುವುದು ಮಾತ್ರ ಸೀಗಡಿ, ಹಂದಿ ಮಾಂಸ.

ಸಸ್ಯಾಹಾರಿಗಳು ನೆನಪಿಡಬೇಕಾದ ಒಂದು ಪದ ‘ಚಾಯ್’. ಇದು ನಮ್ಮ ಚಹಾ ಅಲ್ಲ. ಬೌದ್ಧರ ಸಸ್ಯಾಹಾರಕ್ಕಿರುವ ಹೆಸರು. ಆದರೆ ಸ್ವರದ ಏರಿಳಿತಕ್ಕೆ ತಕ್ಕಂತೆ ಅರ್ಥ ಬದಲಾಗುವ ಭಾಷೆಯಿದು. ಹನೋಯಿಯ ‘ಬುನ್ ಚಾ’ದಲ್ಲಿರುವ ‘ಚಾ’ ಸುಟ್ಟ ಹಂದಿ ಮಾಂಸ. ಆದ್ದರಿಂದ ಮಾಂಸ, ಮೀನು, ಮೀನಿನ ರಸ ಬೇಡವೆಂಬುದನ್ನು ವಿಯೆಟ್ನಾಮಿ ಲಿಪಿಯಲ್ಲೇ ಬರೆಸಿಟ್ಟುಕೊಂಡು ತೋರಿಸುವುದು ಕ್ಷೇಮ. ತರಕಾರಿ ಖಾದ್ಯಕ್ಕೂ ‘ನುವಕ್ ಮಾಮ್’ ಎಂಬ ಮೀನಿನ ರಸ ಬೀಳುತ್ತದೆ. ಮಾಂಸದ ತುಂಡಿಲ್ಲದ ‘ಫ’ ಸಹ ಸಾಮಾನ್ಯವಾಗಿ ಮೂಳೆಯ ಸಾರೇ. ‘ಚಾಯ್’ ಫಲಕವಿರುವ ಹೋಟೆಲುಗಳಲ್ಲಿ ಈ ಆತಂಕವಿಲ್ಲ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಬೌದ್ಧರು ಮಾಂಸ ಬಿಡುವುದರಿಂದ ಅಂದು ಸಸ್ಯಾಹಾರ ಎಲ್ಲೆಡೆ ಸುಲಭವಾಗಿ ದೊರೆಯುತ್ತದೆ. ಹಳೆಯ ಬೌದ್ಧ ಕೇಂದ್ರವಾದ ಹುವೆ ಇದಕ್ಕೆ ಹೆಸರುವಾಸಿ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರಿಗೂ ಅಲ್ಲಿ ಊಟ ಸಿಗುತ್ತದೆ.

ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ವಿಯೆಟ್ನಾಂ. ಅಲ್ಲಿನ ರೊಬಸ್ಟಾ ಫಸಲಿನ ಏರಿಳಿತ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರ ಧಾರಣೆಯನ್ನೂ ತಟ್ಟುತ್ತದೆ. ಲೋಟದ ಮೇಲೆ ಕೂರಿಸಿದ ಪುಟ್ಟ ಲೋಹದ ಫಿಲ್ಟರಿನಿಂದ ಹನಿಹನಿಯಾಗಿ ಇಳಿಯುವ ಡಿಕಾಕ್ಷನ್‌ಗೆ ಇಲ್ಲಿ ಬೆರೆಸುವುದು ಹಾಲನ್ನಲ್ಲ, ಸಿಹಿಯಾದ ಗಟ್ಟಿ ಹಾಲನ್ನು. ಹಾಲಿನ ಅಭಾವವಿದ್ದ 1946ರಲ್ಲಿ ಹನೋಯಿಯಲ್ಲಿ ಹುಟ್ಟಿದ ಮೊಟ್ಟೆ ಕಾಫಿ ಇನ್ನೊಂದು ವಿಶೇಷ.

ವೀಸಾ, ಹಣ, ಸಂಚಾರ

ಭಾರತೀಯರಿಗೆ ವೀಸಾ ಕಡ್ಡಾಯ. 2023ರ ಆಗಸ್ಟ್ 15ರಿಂದ 90 ದಿನಗಳವರೆಗಿನ ಇ-ವೀಸಾ ದೊರೆಯುತ್ತಿದೆ. ಒಂದು ಬಾರಿಯ ಪ್ರವೇಶಕ್ಕೆ 25 ಡಾಲರ್, ಹಲವು ಬಾರಿಯ ಪ್ರವೇಶಕ್ಕೆ 50 ಡಾಲರ್ ಶುಲ್ಕ. ಸರ್ಕಾರಿ ಜಾಲತಾಣವನ್ನೇ ಹೋಲುವ ಮಧ್ಯವರ್ತಿಗಳ ತಾಣಗಳು ಹೆಚ್ಚು ಹಣ ಕೀಳುವುದುಂಟು. ಇನಿಷಿಯಲ್ ಬಿಡಿಸಿ ಬರೆದ ಹೆಸರು, ಖಾಲಿ ಬಿಟ್ಟ ಮನೆತನದ ಹೆಸರು ಕನ್ನಡಿಗರ ಪಾಸ್‌ಪೋರ್ಟ್‌ಗಳಲ್ಲಿ ಸಾಮಾನ್ಯ. ಅರ್ಜಿಯಲ್ಲಿ ಹೆಸರು, ಸಂಖ್ಯೆ, ಜನ್ಮದಿನ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಬೇಕು. ಒಂದಕ್ಷರದ ತಪ್ಪಿದ್ದರೂ ವಿಮಾನ ಹತ್ತಲು ಅಡ್ಡಿಯಾಗಬಹುದು.

ಇಲ್ಲಿನ ನಾಣ್ಯ ದೋಂಗ್. 2025ರ ಲೆಕ್ಕದಲ್ಲಿ ಒಂದು ರೂಪಾಯಿಗೆ ಸುಮಾರು 300 ದೋಂಗ್. 20,000 ಮತ್ತು 5,00,000 ದೋಂಗ್ ನೋಟುಗಳೆರಡೂ ನೀಲಿ ಬಣ್ಣದವು. ಮಬ್ಬು ಬೆಳಕಿನಲ್ಲಿ ಅದಲುಬದಲಾದರೆ 70 ರೂಪಾಯಿಯ ಜಾಗದಲ್ಲಿ 1,600 ರೂಪಾಯಿಗೂ ಹೆಚ್ಚು ಕೈಬಿಡುತ್ತದೆ. ಹೊಯಿ ಆನ್‌ನ ಮುಚ್ಚು ಸೇತುವೆಯ ಚಿತ್ರವಿರುವುದು 20,000ದ ನೋಟು. ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳುವುದು ಜಾಣತನ.

ನಗರಗಳಲ್ಲಿ ದರ ಮೊದಲೇ ತಿಳಿಸುವ ಮೊಬೈಲ್ ಆ್ಯಪ್‌ನ ಟ್ಯಾಕ್ಸಿಗಳು ಅನುಕೂಲ. ಬಾಡಿಗೆ ಬೈಕ್ ಪಡೆಯುವವರು ತಮ್ಮ ಪರವಾನಗಿ ಅಲ್ಲಿ ಸಲ್ಲುವುದೇ ಎಂದು ಖಚಿತಪಡಿಸಿಕೊಳ್ಳಬೇಕು. ಸಲ್ಲದಿದ್ದರೆ ಅಪಘಾತವಾದಾಗ ಪ್ರವಾಸ ವಿಮೆಯೂ ಕೈಕೊಡಬಹುದು.

ಕೊನೆಗೆ, ದಿನ ಸಾಲದೆ ಒಂದು ಊರನ್ನು ಬಿಡಬೇಕಾಗಿ ಬಂದರೆ ಅದು ಯಾವುದೆಂಬುದನ್ನು ಮನೆಯಲ್ಲಿ ಕುಳಿತೇ ನಿರ್ಧರಿಸಬೇಕು. ಅಕ್ಟೋಬರ್‌ನಲ್ಲಿ ಬಿಡಬೇಕಾದ ಹೊಯಿ ಆನ್, ಏಪ್ರಿಲ್‌ನಲ್ಲಿ ಬಿಡಲೇಬಾರದ ಊರು. ಎಲ್ಲವನ್ನೂ ನೋಡುತ್ತೇವೆಂಬ ಹಟ ಬಿಟ್ಟು, ಹೋದ ತಿಂಗಳಿಗೆ ಒಪ್ಪುವ ಊರುಗಳಲ್ಲಿ ಎರಡು ರಾತ್ರಿ ಹೆಚ್ಚಿಗೆ ನಿಂತವರಿಗೆ ಈ ದೇಶ ತನ್ನ ಉತ್ತಮ ಮುಖವನ್ನು ತೋರಿಸುತ್ತದೆ.