ಊರ ಬೀದಿಗಳೂ ಪ್ಯಾಟ್ರಿಕ್ ಗೆಡ್ಡೀಸರೂ

ಊರು ಬೆಳೆದಂತೆ ಬೀದಿ ಇಕ್ಕಟ್ಟಾಗುವುದು ಇಂದು ನಿನ್ನೆಯ ಮಾತಲ್ಲ. ಇಕ್ಕಟ್ಟಾಯಿತೆಂದೊಡನೆ ಮನೆಗಳನ್ನು ಕೆಡವಿ ನೇರವಾದ ರಸ್ತೆಯೊಂದನ್ನು ಹಾಯಿಸಬೇಕೆಂಬ ಯೋಚನೆಯೂ ಹೊಸದಲ್ಲ. ನಮ್ಮ ನಾಡಿನ ಎಷ್ಟೋ ಸಣ್ಣ ಪೇಟೆಗಳಲ್ಲಿ ಇಂದಿಗೂ ಗೋಡೆಯ ಮೇಲೆ ಬಣ್ಣದ ಗುರುತು ಬೀಳುತ್ತದೆ. ಕೆಲವು ದಿನಗಳಲ್ಲಿ ಮನೆಯ ಮುಂಭಾಗ ಉರುಳಿ, ನಡುಮನೆಯ ದೇವರ ಗೂಡು ಬೀದಿಗೆ ಕಾಣುತ್ತದೆ. ಆ ಮನೆಯವರು ಎಲ್ಲಿಗೆ ಹೋದರೆಂದು ಕೇಳುವವರು ಕಡಿಮೆ. ನೂರು ವರ್ಷಗಳಿಗೂ ಹಿಂದೆ ಈ ಪ್ರಶ್ನೆಯನ್ನು ಪುರಸಭೆಗಳ ಮುಂದೆ ಬಿಚ್ಚುಮಾತಿನಲ್ಲಿ ಇಟ್ಟವರು ಸ್ಕಾಟ್ಲೆಂಡಿನ ಒಬ್ಬ ಸಸ್ಯಶಾಸ್ತ್ರಜ್ಞರು.

ಅವರು ಬರುವುದಕ್ಕೆ ಮುನ್ನ ಮುಂಬಯಿಯಲ್ಲಿ ನಡೆದುದನ್ನು ಮೊದಲು ನೋಡೋಣ. 1896ರಲ್ಲಿ ಪ್ಲೇಗು ಹಬ್ಬಿತು. 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಹುಟ್ಟಿತು. ಕಿಕ್ಕಿರಿದ ಕೇರಿಗಳೊಳಗೆ ಸಮುದ್ರದ ಗಾಳಿ ಹಾಯಲಿ, ಗಾಡಿಗಳು ಸಲೀಸಾಗಿ ಸಾಗಲಿ ಎಂದು ಅದು ಪ್ರಿನ್ಸೆಸ್ ಸ್ಟ್ರೀಟು, ಸ್ಯಾಂಡ್‌ಹರ್ಸ್ಟ್ ರೋಡುಗಳನ್ನು ತೆಗೆಯಿತು. ರಸ್ತೆಗಳೇನೋ ಒಳ್ಳೆಯವೇ, ನಾವೂ ಅವುಗಳ ಮೇಲೆ ಓಡಾಡುವವರೇ. ಆದರೆ ಮೊದಲ ವರ್ಷಗಳಲ್ಲಿ ಟ್ರಸ್ಟು ಕೆಡವಿದಷ್ಟು ಖೋಲಿಗಳನ್ನು ಕಟ್ಟಿಕೊಡಲಿಲ್ಲ. ದುಡಿಮೆಯ ಜಾಗವನ್ನು ಬಿಟ್ಟು ದೂರ ಹೋಗಲಾರದ ಬಡವರು ನೆರೆಯ ಚಾಳುಗಳಲ್ಲೇ ಒತ್ತರಿಸಿಕೊಂಡರು. ಒಂದು ಕೇರಿಯ ಇಕ್ಕಟ್ಟು ಇನ್ನೊಂದು ಕೇರಿಗೆ ವರ್ಗವಾಯಿತು, ಅಷ್ಟೆ.

1854ರಲ್ಲಿ ಹುಟ್ಟಿದ ಪ್ಯಾಟ್ರಿಕ್ ಗೆಡ್ಡೀಸರು ಇಲ್ಲಿಗೆ ಬಂದದ್ದು 1914ರಲ್ಲಿ, ಮದರಾಸಿನ ಗವರ್ನರ್ ಲಾರ್ಡ್ ಪೆಂಟ್ಲೆಂಡರ ಆಹ್ವಾನದ ಮೇಲೆ. ಅವರ ನಗರ ಪ್ರದರ್ಶನದ ನಕ್ಷೆ ಚಿತ್ರಗಳೆಲ್ಲ ಬೇರೊಂದು ಹಡಗಿನಲ್ಲಿ ಬರುತ್ತಿದ್ದವು. ಮದರಾಸಿಗೆ ಗುಂಡು ಹಾರಿಸಿ ಹೆಸರಾಗಿದ್ದ ಜರ್ಮನರ ಎಂಡನ್ ನೌಕೆ ಅದನ್ನು ಮುಳುಗಿಸಿತು. ಅರುವತ್ತು ವರ್ಷದ ಮನುಷ್ಯ ಎದೆಗುಂದಲಿಲ್ಲ. ಹೊಸ ಸಂಗ್ರಹವನ್ನು ತರಿಸಿಕೊಂಡು 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನವನ್ನು ನಡೆಸಿಯೇ ಬಿಟ್ಟರು. ಆ ಮೇಲೆ ಊರೂರು ಸುತ್ತಿದರು: ಮದುರೆ, ತಂಜಾವೂರು, ನಮ್ಮ ಬಳ್ಳಾರಿ (ಅದು 1953ರವರೆಗೆ ಮದರಾಸಿಗೆ ಸೇರಿತ್ತು), ಇತ್ತ ಠಾಣೆ, ಸೂರತ್ತು.

ತಂಜಾವೂರಿನ ಕೋಟೆಯೊಳಗಿನ ಕೇರಿಯಲ್ಲಿ ನಡೆದ ಕಥೆ ಸ್ವಾರಸ್ಯವಾದುದು. ಓಣಿಗಳು ಸೊಟ್ಟ, ಮನೆಗಳು ಒತ್ತು; ಆದುದರಿಂದ ನೇರ ಗೆರೆಗಳನ್ನೆಳೆದು ಚದುರಂಗದ ಮಣೆಯಂತೆ ರಸ್ತೆಗಳನ್ನು ಹಾಯಿಸಬೇಕೆಂಬ ಯೋಜನೆ ಅಲ್ಲಿ ಸಿದ್ಧವಾಗಿತ್ತು. ಗೆಡ್ಡೀಸರು ಅಳತೆಪಟ್ಟಿಯನ್ನು ಬದಿಗಿಟ್ಟು, ಬಿಸಿಲಲ್ಲಿ ಓಣಿ ಓಣಿ ನಡೆದರು. ಯಾವ ಮನೆ ಗಟ್ಟಿ, ಯಾವುದು ಬಿದ್ದುಹೋಗಿದೆ, ಎಲ್ಲಿ ಹಿತ್ತಲು ಬಯಲಾಗಿದೆ ಎಂದು ಒಂದೊಂದನ್ನೂ ಗುರುತಿಸಿದರು. ಆಗ ಹೊಳೆದುದೇನೆಂದರೆ, ಹಳೆಯ ಓಣಿಗಳನ್ನೇ ಅಲ್ಲಲ್ಲಿ ತುಸು ಬಿಡಿಸಿ, ಹಾಳುಬಿದ್ದ ಕೆಲವೇ ಮನೆಗಳನ್ನು ತೆಗೆದು, ಆ ತೆರಪಿನಲ್ಲಿ ಮರ ನೆಟ್ಟರೆ ಗಾಳಿಯೂ ಆಯಿತು, ದಾರಿಯೂ ಆಯಿತು. ಖರ್ಚು ಆ ದೊಡ್ಡ ಯೋಜನೆಯ ಒಂದು ಪಾಲು ಮಾತ್ರ. ಇದನ್ನು ಅವರು ಅಂಗವನ್ನು ಉಳಿಸುವ ಶಸ್ತ್ರಚಿಕಿತ್ಸೆಯೆಂದು ಕರೆದರು. ಹಣ ಕಡಿಮೆ ಬೇಡುವ ಈ ಚಿಕಿತ್ಸೆ ತಾಳ್ಮೆಯನ್ನು ಹೆಚ್ಚು ಬೇಡುತ್ತದೆ. ಪುರಸಭೆಗಳಲ್ಲಿ ಹಣ ಇಲ್ಲದಿದ್ದರೂ ಸಾಲವಾದರೂ ಸಿಕ್ಕೀತು. ತಾಳ್ಮೆಗೆ ಸಾಲ ಕೊಡುವವರು ಯಾರು?

ದಕ್ಷಿಣದ ದೇವಾಲಯದ ಊರುಗಳನ್ನು ಕಂಡು ಅವರು ಬೆರಗಾದರು. ರಥಬೀದಿ ನಮಗೆ ಬರಿಯ ಜಾತ್ರೆಯ ಬೀದಿ. ಆದರೆ ತೇರು ಸಾಗಬೇಕು, ಮೂಲೆಯಲ್ಲಿ ತಿರುಗಬೇಕು ಎಂಬ ಒಂದೇ ಕಟ್ಟಳೆಯಿಂದ ಆ ಅಗಲವನ್ನು ತಲೆಮಾರುಗಳ ಕಾಲ ಯಾರೂ ಒತ್ತುವರಿ ಮಾಡದೆ ಕಾಯ್ದರಲ್ಲ! ವಾಹನಗಳ ಓಡಾಟ ಇಂಥ ಹಿರಿಬೀದಿಗಳಲ್ಲಿ ಇರಲಿ, ಮನೆಯ ಮುಂದಿನ ಓಣಿ ನಡೆಯುವವರಿಗೂ ಆಡುವ ಮಕ್ಕಳಿಗೂ ಉಳಿಯಲಿ ಎಂಬುದು ಗೆಡ್ಡೀಸರ ಮತ. ಎತ್ತಿನ ಗಾಡಿಯ ಕಾಲದ ಈ ಮಾತು ಲಾರಿಯ ಕಾಲಕ್ಕೆ ಪೂರ್ತಿ ಒಪ್ಪುವುದಿಲ್ಲವೆಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಊರೊಳಗೆ ಕೆಲಸವಿಲ್ಲದ ಲಾರಿಗೆ ಊರ ಹೊರಗೊಂದು ದಾರಿ ಮಾಡಿಕೊಟ್ಟರೆ ಪೇಟೆಯ ಬೀದಿಗೆ ಅರ್ಧ ಉಸಿರು ಬರುತ್ತದೆಂಬುದನ್ನು ನಮ್ಮೂರುಗಳೇ ತೋರಿಸಿಕೊಟ್ಟಿವೆ.

ಬೆಳೆಯುತ್ತಿರುವ ಊರಂಚಿನ ಮಾತು ಬೇರೆ. ಅಲ್ಲಿಗಾಗಿ 1915ರ ಮುಂಬಯಿ ನಗರ ಯೋಜನಾ ಶಾಸನ ಜಾಣತನದ ಉಪಾಯವೊಂದನ್ನು ಮಾಡಿತು. ಎಲ್ಲರ ಹೊಲಗಳನ್ನು ಕಾಗದದ ಮೇಲೆ ಒಟ್ಟುಗೂಡಿಸಿ, ರಸ್ತೆಗೆ ಎಲ್ಲರಿಂದಲೂ ಒಂದಿಷ್ಟು ತೆಗೆದು, ಉಳಿದುದನ್ನು ಸರಿಯಾದ ನಿವೇಶನಗಳನ್ನಾಗಿ ಮಾಡಿ ಮರಳಿ ಹಂಚುವುದು. ಏರಿದ ಬೆಲೆಯಲ್ಲಿ ಒಂದು ಪಾಲನ್ನು ಕೆಲಸದ ವೆಚ್ಚಕ್ಕೆ ಪಡೆಯುವುದು. ರಸ್ತೆಯ ಭಾರ ಗೆರೆ ಹಾದುಹೋದ ಒಬ್ಬನ ತಲೆಯ ಮೇಲೆ ಬೀಳದು.

1919ರಿಂದ 1924ರವರೆಗೆ ಗೆಡ್ಡೀಸರು ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿದ್ದರು. ಅವರ ತರುವಾಯ ಆ ಪೀಠಕ್ಕೆ ಬಂದ ಘುರ್ಯೆಯವರ ಬಳಿ ಕಲಿತವರೇ ಮೈಸೂರಿನ ಎಂ. ಎನ್. ಶ್ರೀನಿವಾಸರು; ಊರನ್ನು ನಡೆದು ನೋಡಿಯೇ ಬರೆಯಬೇಕೆಂಬ ಹಟ ಶ್ರೀನಿವಾಸರಲ್ಲಿಯೂ ಇದ್ದದ್ದು ಕಾಕತಾಳೀಯವಿದ್ದರೂ ಇರಬಹುದು.

ಗೆಡ್ಡೀಸರು 1932ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡರು. ಅವರು ಬರೆದ ವರದಿಗಳಲ್ಲಿ ಬಹುಪಾಲು ಕಚೇರಿಗಳ ಕಪಾಟು ಸೇರಿದವು. ಅವುಗಳಿಂದ ಆಯ್ದ ಭಾಗಗಳನ್ನು ಜಾಕ್ವೆಲಿನ್ ಟಿರ್‌ವಿಟ್ ಎಂಬಾಕೆ 1947ರಲ್ಲಿ ಲಂಡನ್ನಿನಿಂದ ಪುಸ್ತಕವಾಗಿ ಹೊರತಂದರು. ತಂಜಾವೂರಿನ ನಕ್ಷೆಗಳು ಅದರಲ್ಲಿ ಇವೆ. ಒಂದರಲ್ಲಿ ನೇರ ರಸ್ತೆಗಳು ಮನೆಗಳ ಮೇಲೆಯೇ ಹಾಯ್ದಿವೆ. ಇನ್ನೊಂದರಲ್ಲಿ ಅದೇ ಸೊಟ್ಟ ಓಣಿಗಳು, ನಡುನಡುವೆ ಮರಗಳ ಸಣ್ಣ ಗುರುತುಗಳು.