ಮೂರು ಡಾಲರಿಗೆ ಜೋಡಿ

ನಮ್ಮ ಈ ಅಮೆರಿಕದಲ್ಲಿ ಜೋಡಿ ಹುಡುಕೋ ಕೆಲಸ ಯಂತ್ರದ ಪಾಲಾಗಿದ್ದು ಮೊಬೈಲ್ ಬಂದ ಮೇಲಲ್ಲ. 1965ರಲ್ಲೇ ಹಾರ್ವರ್ಡಿನ ಹುಡುಗರು 'ಆಪರೇಷನ್ ಮ್ಯಾಚ್' ಶುರುಮಾಡಿದ್ರು. ಮೂರು ಡಾಲರ್ ಕೊಟ್ಟು, 75 ಪ್ರಶ್ನೆಗೆ ಉತ್ತರ ತುಂಬಿ ಕಳಿಸಿದ್ರೆ ಐಬಿಎಂ ಕಂಪ್ಯೂಟರ್ ಒಂದಷ್ಟು ಹೆಸರು, ಫೋನ್ ನಂಬರ್ ಕೊಡ್ತಿತ್ತು. ವ್ಯವಹಾರ ಅಲ್ಲಿಗೆ ಮುಗೀತು. (ಅದು ಡೇಟಿಂಗಿಗೆ, ಮದುವೆಗಲ್ಲ ಅನ್ನಿ.)

1995ರಲ್ಲಿ ಮ್ಯಾಚ್.ಕಾಮ್ ಬಂತು, ಆಮೇಲೆ ಚಂದಾ ಪದ್ಧತಿ. 2012ರಲ್ಲಿ ಟಿಂಡರ್ ಬಂದು ಪ್ರಶ್ನೆಗಳ ಜಾಗದಲ್ಲಿ ಫೋಟೋ ಸರಿಸೋದು. ನಂಗೇನೋ ಫೋಟೋಗಿಂತ ಚಂದಾನೇ ದೊಡ್ಡ ತೊಡಕು ಅನ್ಸತ್ತೆ. ಮದುವೆ ಆಗ್ಬೇಕು ಅಂತ ಬಂದೋರಿಗೆ ಜೋಡಿ ಸಿಕ್ಕಿದ ದಿನವೇ ಕಂಪನಿಗೆ ಇಬ್ಬರು ಗಿರಾಕಿ ಖೋತಾ!

ಆರು ತಿಂಗಳಲ್ಲಿ ಯಾರೂ ಸಿಗದಿದ್ರೆ ಇನ್ನಾರು ತಿಂಗಳು ಪುಕ್ಕಟೆ ಅಂತ ಮ್ಯಾಚ್ ಭರವಸೆ ಕೊಡ್ತಿತ್ತು. (ಪರಿಹಾರ ನೋಡಿ, ಇನ್ನಷ್ಟು ಹುಡುಕಾಟ!) ಅದರ ಷರತ್ತುಗಳನ್ನ ಸರಿಯಾಗಿ ತಿಳಿಸ್ಲಿಲ್ಲ ಅಂತ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ದಾವೆ ಹೂಡಿತು. 2025ರಲ್ಲಿ ಕಂಪನಿ 14 ಮಿಲಿಯನ್ ಡಾಲರಿಗೆ ರಾಜಿ ಮಾಡ್ಕೊಂಡಿತು.