ಗುಂಡಿ ತೋಡುವ ಮುನ್ನ ತಿಳಿದಿರಲಿ: ನೆಲದಡಿಯ ಕೇಬಲ್, ಪೈಪ್ ಗುರುತು ಮಾಡಿಸುವುದು ಹೇಗೆ?

ಮನೆ ಮುಂದೆ ಸಂಪ್ ಕಟ್ಟಿಸಬೇಕು, ಹೌಸಿಂಗ್ ಸೊಸೈಟಿಯ ಕಾಂಪೌಂಡ್ ಗೋಡೆಗೆ ಪಾಯ ತೆಗೆಯಬೇಕು, ಹೊಸ ನಲ್ಲಿ ಸಂಪರ್ಕಕ್ಕೆ ರಸ್ತೆ ಅಗೆಯಬೇಕು. ಇಂಥ ಕೆಲಸ ಬಂದಾಗ ಮೊದಲು ನೆನಪಾಗುವುದು ಮೇಸ್ತ್ರಿ, ಆಮೇಲೆ ಜೆಸಿಬಿ. ಆ ನೆಲದ ಕೆಳಗೆ ಏನಿದೆ ಎಂದು ಕೇಳುವವರು ಕಡಿಮೆ. ಆದರೆ ಇಂದಿನ ನಗರಗಳಲ್ಲಿ ಒಂದೇ ಫುಟ್‌ಪಾತ್ ಅಡಿಯಲ್ಲಿ ವಿದ್ಯುತ್ ಕೇಬಲ್, ಗ್ಯಾಸ್ ಪೈಪ್, ಕುಡಿಯುವ ನೀರಿನ ಕೊಳವೆ, ಒಳಚರಂಡಿ, ಮೂರ್ನಾಲ್ಕು ಕಂಪನಿಗಳ ಆಪ್ಟಿಕಲ್ ಫೈಬರ್ ಕೇಬಲ್ (ಒಎಫ್‌ಸಿ) ಒಟ್ಟೊಟ್ಟಿಗೆ ಇರುತ್ತವೆ. ಬಕೆಟ್‌ನ ಒಂದು ಹೊಡೆತಕ್ಕೆ ಬಡಾವಣೆಯ ಇಂಟರ್ನೆಟ್ ನಿಲ್ಲಬಹುದು, ಆಸ್ಪತ್ರೆಯ ಕರೆಂಟ್ ಹೋಗಬಹುದು, ಕೂಲಿಯಾಳಿನ ಜೀವವೇ ಹೋಗಬಹುದು.

ಇದನ್ನು ತಪ್ಪಿಸಲೆಂದೇ ಅಗೆಯುವ ಮುನ್ನ ನೆಲದಡಿಯ ಮಾರ್ಗಗಳ ಮಾಹಿತಿ ಕೇಳಿ ಪಡೆಯುವ ವ್ಯವಸ್ಥೆ ಹಲವು ದೇಶಗಳಲ್ಲಿದೆ. ಭಾರತದಲ್ಲೂ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಂದಿದೆ. ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಸಾಮಾನ್ಯ ಮನೆಮಾಲೀಕರು ಮತ್ತು ಗುತ್ತಿಗೆದಾರರು ಅನುಸರಿಸಬೇಕಾದ ಕ್ರಮವೇನು ಎಂಬ ವಿವರ ಇಲ್ಲಿದೆ.

ಏನಿದು ‘ಕಾಲ್ ಬಿಫೋರ್ ಯು ಡಿಗ್’?

ಪ್ರಧಾನಿ ನರೇಂದ್ರ ಮೋದಿ ಅವರು 2023ರ ಮಾರ್ಚ್ 22ರಂದು ದೆಹಲಿಯ ವಿಜ್ಞಾನ ಭವನದಲ್ಲಿ ಈ ಆ್ಯಪ್‌ಗೆ ಚಾಲನೆ ನೀಡಿದರು. ದೂರಸಂಪರ್ಕ ಇಲಾಖೆಯ ಈ ಯೋಜನೆ ಪಿಎಂ ಗತಿಶಕ್ತಿ ಕಾರ್ಯಕ್ರಮದ ಭಾಗ. ಸಮನ್ವಯವಿಲ್ಲದೆ ನೆಲ ಅಗೆಯುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟವಾಗುತ್ತಿದೆ ಎಂದು ಸರ್ಕಾರ ಆಗ ಹೇಳಿತ್ತು.

ಆ್ಯಪ್‌ನ ಕೆಲಸ ಸರಳ. ಅಗೆಯುವವರನ್ನೂ ನೆಲದಡಿ ಆಸ್ತಿ ಹೊಂದಿರುವ ಸಂಸ್ಥೆಗಳನ್ನೂ ಅದು ಒಂದೇ ವೇದಿಕೆಗೆ ತರುತ್ತದೆ. ಅಗೆಯುವವರು ನೋಂದಾಯಿಸಿಕೊಂಡು, ಜಾಗ ಮತ್ತು ಕೆಲಸದ ವಿವರ ನೀಡಿದರೆ, ಅಲ್ಲಿ ಕೇಬಲ್ ಅಥವಾ ಪೈಪ್ ಹಾಕಿರುವ ಸಂಸ್ಥೆಗಳಿಗೆ ಎಸ್‌ಎಂಎಸ್ ಹಾಗೂ ಇಮೇಲ್ ಮೂಲಕ ಸೂಚನೆ ಹೋಗುತ್ತದೆ. ಎರಡೂ ಕಡೆಯವರು ನೇರವಾಗಿ ಕರೆ ಮಾಡಿ ಮಾತನಾಡುವ ಸೌಲಭ್ಯವೂ ಇದೆ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿರಬೇಕು. ಆ್ಯಪ್‌ನಲ್ಲಿ ಮಾಹಿತಿ ಕೊಟ್ಟ ಮಾತ್ರಕ್ಕೆ ಯಾರೋ ಬಂದು ನೆಲದ ಮೇಲೆ ಬಣ್ಣದ ಗೆರೆ ಎಳೆದು ಹೋಗುತ್ತಾರೆ ಎಂದಲ್ಲ. ಸೂಚನೆ ಸಿಕ್ಕ ಸಂಸ್ಥೆಯನ್ನು ಸಂಪರ್ಕಿಸಿ, ನಕ್ಷೆ ಕೇಳಿ, ಸ್ಥಳಕ್ಕೆ ಸಿಬ್ಬಂದಿ ಕರೆಸಿ ಗುರುತು ಮಾಡಿಸಿಕೊಳ್ಳುವ ಕೆಲಸ ಉಳಿದೇ ಇರುತ್ತದೆ. ಜತೆಗೆ, ಯಾವ ಸಂಸ್ಥೆ ತನ್ನ ಮಾರ್ಗಗಳ ವಿವರವನ್ನು ವ್ಯವಸ್ಥೆಗೆ ಸೇರಿಸಿಲ್ಲವೋ ಅದಕ್ಕೆ ಸೂಚನೆ ತಲುಪದೇ ಇರಬಹುದು. ಆದ್ದರಿಂದ ಆ್ಯಪ್‌ನಿಂದ ಉತ್ತರ ಬರಲಿಲ್ಲ ಎಂದರೆ ನೆಲದಡಿ ಏನೂ ಇಲ್ಲ ಎಂದು ಅರ್ಥವಲ್ಲ.

ಕಾನೂನು ಏನು ಹೇಳುತ್ತದೆ?

ದೂರಸಂಪರ್ಕ ಮಾರ್ಗಗಳ ಮಟ್ಟಿಗೆ ಮುನ್ಸೂಚನೆ ನೀಡುವುದು ಕೇವಲ ಸಲಹೆಯಲ್ಲ. 2023ರ ಜನವರಿಯಲ್ಲಿ ಪ್ರಕಟವಾದ ಇಂಡಿಯನ್ ಟೆಲಿಗ್ರಾಫ್ (ಇನ್‌ಫ್ರಾಸ್ಟ್ರಕ್ಚರ್ ಸೇಫ್ಟಿ) ನಿಯಮಗಳು, 2022ರ ಪ್ರಕಾರ, ಟೆಲಿಕಾಂ ಸೌಕರ್ಯಕ್ಕೆ ಹಾನಿಯಾಗುವ ಸಾಧ್ಯತೆ ಇರುವ ಕಡೆ ಅಗೆಯುವವರು ಕೆಲಸ ಆರಂಭಿಸುವ ಮೊದಲೇ ಪೋರ್ಟಲ್ ಮೂಲಕ ಸಂಬಂಧಪಟ್ಟ ಕಂಪನಿಗೆ ತಿಳಿಸಬೇಕಿತ್ತು.

ಆ ನಂತರ ಬಂದ ದೂರಸಂಪರ್ಕ ಕಾಯ್ದೆ, 2023 ಇನ್ನಷ್ಟು ಬಿಗಿಯಾಗಿದೆ. ದಂಡನೆಗೆ ಸಂಬಂಧಿಸಿದ ಸೆಕ್ಷನ್ 42 ಸೇರಿದಂತೆ ಅದರ ಹಲವು ಸೆಕ್ಷನ್‌ಗಳು 2024ರ ಜೂನ್ 26ರಿಂದ ಜಾರಿಯಲ್ಲಿವೆ. ಸಾಮಾನ್ಯ ದೂರಸಂಪರ್ಕ ಜಾಲಕ್ಕೆ ಹಾನಿ ಮಾಡಿದರೆ ನಷ್ಟ ಪರಿಹಾರದ ಜತೆಗೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಸರ್ಕಾರ ಅತಿ ಮುಖ್ಯ ಎಂದು ಘೋಷಿಸಿದ ಸೌಕರ್ಯಕ್ಕೆ ಹಾನಿಯಾದರೆ 3 ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಊರ ಹೊರಗೆ ಹೊಲ, ಸೈಟ್‌ಗಳ ಅಡಿಯಲ್ಲಿ ಹಾದುಹೋಗುವ ಪೆಟ್ರೋಲಿಯಂ ಮತ್ತು ಅನಿಲದ ದೊಡ್ಡ ಕೊಳವೆಗಳಿಗೆ ಬೇರೆಯೇ ಕಾನೂನಿದೆ. 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗ ಕಾಯ್ದೆಯಂತೆ ಜಮೀನಿನ ಮಾಲೀಕತ್ವ ರೈತರ ಬಳಿಯೇ ಉಳಿಯುತ್ತದೆ. ಆದರೆ ಕೊಳವೆ ಹಾದುಹೋದ ಪಟ್ಟಿಯಲ್ಲಿ ಕಟ್ಟಡ ಕಟ್ಟುವಂತಿಲ್ಲ, ಬಾವಿ, ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಊರಲ್ಲಿ ಜಮೀನು ಇಟ್ಟುಕೊಂಡು ಮುಂಬೈ, ಪುಣೆಯಲ್ಲಿ ನೆಲೆಸಿರುವವರು ಬೋರ್‌ವೆಲ್ ಕೊರೆಸುವ ಮುನ್ನ ಈ ಅಂಶವನ್ನು ಪಹಣಿಯ ಜತೆಗೇ ಪರಿಶೀಲಿಸುವುದು ಒಳ್ಳೆಯದು.

ಯಾರನ್ನು ಕೇಳಬೇಕು?

ನೆಲದಡಿಯ ಎಲ್ಲವೂ ಒಂದೇ ಇಲಾಖೆಯ ಕೈಯಲ್ಲಿಲ್ಲ. ಹಾಗಾಗಿ ಆ್ಯಪ್‌ನಲ್ಲಿ ಮಾಹಿತಿ ನೀಡುವುದರ ಜತೆಗೆ ಈ ನಾಲ್ಕು ಕಡೆ ವಿಚಾರಿಸಬೇಕು.

* ವಿದ್ಯುತ್: ಸ್ಥಳೀಯ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಚೇರಿ. ಬೆಂಗಳೂರಿನಲ್ಲಿ ಬೆಸ್ಕಾಂ. ಮುಂಬೈನಲ್ಲಿ ಪ್ರದೇಶಕ್ಕೆ ತಕ್ಕಂತೆ ಬೆಸ್ಟ್, ಅದಾನಿ, ಟಾಟಾ ಪವರ್ ಅಥವಾ ಮಹಾವಿತರಣ.
* ಅಡುಗೆ ಅನಿಲದ ಕೊಳವೆ: ನಗರದ ಅನಿಲ ವಿತರಣಾ ಕಂಪನಿ. ಮುಂಬೈನಲ್ಲಿ ಮಹಾನಗರ ಗ್ಯಾಸ್, ದೆಹಲಿಯಲ್ಲಿ ಇಂದ್ರಪ್ರಸ್ಥ ಗ್ಯಾಸ್, ಹೈದರಾಬಾದ್‌ನಲ್ಲಿ ಭಾಗ್ಯನಗರ ಗ್ಯಾಸ್, ಬೆಂಗಳೂರಿನಲ್ಲಿ ಗೇಲ್ ಗ್ಯಾಸ್.
* ನೀರು, ಒಳಚರಂಡಿ: ಜಲಮಂಡಳಿ ಅಥವಾ ಪಾಲಿಕೆಯ ನೀರು ಸರಬರಾಜು ವಿಭಾಗ.
* ರಸ್ತೆ, ಬೀದಿದೀಪ, ಮಳೆನೀರು ಚರಂಡಿ: ಪಾಲಿಕೆಯ ವಾರ್ಡ್ ಎಂಜಿನಿಯರ್.

ಸಾರ್ವಜನಿಕ ರಸ್ತೆ ಅಥವಾ ಫುಟ್‌ಪಾತ್ ಅಗೆಯಲು ಪಾಲಿಕೆಯ ಅನುಮತಿ ಬೇಕೇ ಬೇಕು. ಮುಂಬೈನಲ್ಲಿ ಮಳೆಗಾಲದ ತಿಂಗಳುಗಳಲ್ಲಿ ತುರ್ತು ಕೆಲಸ ಬಿಟ್ಟು ಉಳಿದಂತೆ ರಸ್ತೆ ಅಗೆತಕ್ಕೆ ನಿರ್ಬಂಧವಿರುತ್ತದೆ. ಬೆಂಗಳೂರಿನಲ್ಲಿ ರಸ್ತೆ ಅಗೆತದ ಅರ್ಜಿಗಳನ್ನು ಒಂದೆಡೆ ತರಲು ಬಿಬಿಎಂಪಿ ಬಹು ಸಂಸ್ಥೆಗಳ ಸಮನ್ವಯದ ಆನ್‌ಲೈನ್ ವ್ಯವಸ್ಥೆಯನ್ನು ರೂಪಿಸಿತ್ತು.

ಸೊಸೈಟಿಯ ಆವರಣದೊಳಗಿನ ಮಾರ್ಗಗಳ ಕಥೆ ಬೇರೆ. ಮೀಟರ್‌ನಿಂದ ಈಚೆಗಿನ ಕೇಬಲ್, ಪಂಪ್‌ಸೆಟ್ ವೈರ್, ಸಿಸಿಟಿವಿ ಲೈನ್, ಗಾರ್ಡನ್ ಪೈಪ್‌ಗಳ ನಕ್ಷೆ ಯಾವ ಕಂಪನಿಯ ಬಳಿಯೂ ಇರುವುದಿಲ್ಲ. ಅದಕ್ಕೆ ಬಿಲ್ಡರ್ ಕೊಟ್ಟ ಡ್ರಾಯಿಂಗ್ ನೋಡಬೇಕು, ಇಲ್ಲವೇ ಸೊಸೈಟಿಯ ಹಳೆಯ ಎಲೆಕ್ಟ್ರಿಷಿಯನ್, ಪ್ಲಂಬರ್‌ಗಳನ್ನು ಕೇಳಬೇಕು.

ಮನವಿಯಲ್ಲಿ ಏನಿರಬೇಕು?

‘ನಮ್ಮ ಮನೆ ಮುಂದೆ ಅಗೆಯುತ್ತೇವೆ’ ಎಂದು ಬರೆದರೆ ಸಾಲದು. ಮನವಿ ಓದಿದ ಎಂಜಿನಿಯರ್‌ಗೆ ನಕ್ಷೆಯಲ್ಲಿ ಜಾಗ ಹುಡುಕಲು ಆಗಬೇಕು.

* ಪೂರ್ಣ ವಿಳಾಸ, ಹತ್ತಿರದ ಗುರುತು, ಗೂಗಲ್ ಮ್ಯಾಪ್ ಲೊಕೇಷನ್
* ಅಗೆಯುವ ಉದ್ದ, ಅಗಲ, ಆಳ
* ಯಾವ ಕೆಲಸಕ್ಕಾಗಿ, ಯಾವ ವಿಧಾನದಲ್ಲಿ (ಕೈಗೆಲಸ, ಜೆಸಿಬಿ, ಬೋರ್‌ವೆಲ್, ಅಡ್ಡ ಕೊರೆತ)
* ಆರಂಭದ ದಿನಾಂಕ, ಮುಗಿಯುವ ಅಂದಾಜು ದಿನ
* ಸ್ಥಳದಲ್ಲಿರುವ ಮೇಲ್ವಿಚಾರಕರ ಮೊಬೈಲ್ ಸಂಖ್ಯೆ

ಅಗೆಯುವ ಜಾಗದ ಗಡಿಯನ್ನು ಮೊದಲೇ ಸುಣ್ಣದ ಪುಡಿಯಿಂದ ಗುರುತಿಸಿ, ಫೋಟೊ ತೆಗೆದು ಮನವಿಯ ಜತೆ ಕಳಿಸಿದರೆ ಗೊಂದಲ ಕಡಿಮೆ. ಮನವಿ ಲಿಖಿತವಾಗಿರಲಿ, ಇಮೇಲ್ ಅಥವಾ ಸ್ವೀಕೃತಿ ಪ್ರತಿ ಇಟ್ಟುಕೊಳ್ಳಿ. ಮುಂದೆ ವಿವಾದವಾದರೆ ಆಧಾರಕ್ಕೆ ಬರುವುದು ಅದೇ. ಕೆಲಸಕ್ಕೆ ಕನಿಷ್ಠ ಒಂದು ವಾರ ಮುಂಚೆ ಮನವಿ ಸಲ್ಲಿಸುವುದು ಕ್ಷೇಮ. ಜೆಸಿಬಿ ಬಾಡಿಗೆಗೆ ಹೇಳಿಯಾದ ಮೇಲೆ ಕೇಳಲು ಹೋದರೆ ಕಾಯುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಗುರುತು ಮಾಡುವುದು ಹೇಗೆ?

ಸಿಬ್ಬಂದಿ ಮೊದಲು ನಕ್ಷೆ ನೋಡುತ್ತಾರೆ. ಬಳಿಕ ಲೋಹದ ಪೈಪ್ ಮತ್ತು ವಿದ್ಯುತ್ ಕೇಬಲ್ ಪತ್ತೆಗೆ ವಿದ್ಯುತ್ಕಾಂತೀಯ ಲೊಕೇಟರ್ ಬಳಸುತ್ತಾರೆ. ಪ್ಲಾಸ್ಟಿಕ್ ಪೈಪ್, ಲೋಹದ ಅಂಶವಿಲ್ಲದ ಒಎಫ್‌ಸಿ ಈ ಯಂತ್ರಕ್ಕೆ ಸಿಗುವುದಿಲ್ಲ. ಅವುಗಳಿಗೆ ನೆಲದೊಳಗೆ ರೇಡಿಯೊ ತರಂಗ ಕಳುಹಿಸುವ ಜಿಪಿಆರ್ ಉಪಕರಣ ಬೇಕು. ಜಿಗುಟು ಮಣ್ಣು, ತೇವ ಹೆಚ್ಚಿರುವ ಕಡೆ ಜಿಪಿಆರ್ ಕೂಡ ಸರಿಯಾಗಿ ತೋರಿಸದು.

ಅಮೆರಿಕದಲ್ಲಿ ಇದಕ್ಕೆ ಒಂದೇ ಬಣ್ಣದ ಸಂಹಿತೆ ಇದೆ. ಕೆಂಪು ವಿದ್ಯುತ್, ಹಳದಿ ಅನಿಲ, ಕಿತ್ತಳೆ ದೂರಸಂಪರ್ಕ, ನೀಲಿ ಕುಡಿಯುವ ನೀರು, ಹಸಿರು ಒಳಚರಂಡಿ, ಬಿಳಿ ಅಗೆಯಲಿರುವ ಜಾಗ. ಅಲ್ಲಿ 2007ರಿಂದ 811 ಎಂಬ ಒಂದೇ ಸಂಖ್ಯೆಗೆ ಕರೆ ಮಾಡಿದರೆ ಸಾಕು, ಸಾಮಾನ್ಯವಾಗಿ ಎರಡು ಮೂರು ಕೆಲಸದ ದಿನಗಳಲ್ಲಿ ಉಚಿತವಾಗಿ ಗುರುತು ಮಾಡಿಕೊಡುತ್ತಾರೆ. ಅಲ್ಲೂ ಮೀಟರ್‌ನಿಂದ ಒಳಗಿನ ಖಾಸಗಿ ಮಾರ್ಗಗಳ ಹೊಣೆ ಮಾಲೀಕರದೇ.

ಭಾರತದಲ್ಲಿ ಯಾವ ಬಣ್ಣ ಯಾವುದಕ್ಕೆ ಎಂದು ಊಹಿಸದೆ ಗುರುತು ಮಾಡಿದವರನ್ನೇ ಕೇಳಿ ಬರೆದುಕೊಳ್ಳಬೇಕು. ರಸ್ತೆ ಬದಿಯ ಮಾರ್ಕರ್ ಕಲ್ಲು, ಹಳದಿ ಫಲಕ, ಮ್ಯಾನ್‌ಹೋಲ್ ಮುಚ್ಚಳ, ಕಬ್ಬಿಣದ ವಾಲ್ವ್ ಚೇಂಬರ್‌ಗಳೂ ಕೆಳಗಿನ ಮಾರ್ಗದ ಸುಳಿವು ನೀಡುತ್ತವೆ.

ಎಷ್ಟು ಆಳದಲ್ಲಿ ಏನಿರುತ್ತದೆ?

ಭಾರತೀಯ ಮಾನಕ ಐಎಸ್ 1255ರ ಪ್ರಕಾರ ಕಡಿಮೆ ವೋಲ್ಟೇಜ್ ಕೇಬಲ್ 0.75 ಮೀಟರ್, 11 ಕೆವಿವರೆಗಿನ ಕೇಬಲ್ 0.9 ಮೀಟರ್, 22 ಮತ್ತು 33 ಕೆವಿ ಕೇಬಲ್ 1.05 ಮೀಟರ್ ಆಳದಲ್ಲಿರಬೇಕು. ನಗರದ ಗ್ಯಾಸ್ ಪೈಪ್ ಸಾಮಾನ್ಯವಾಗಿ ಸುಮಾರು ಒಂದು ಮೀಟರ್ ಆಳದಲ್ಲಿರುತ್ತದೆ.

ಆದರೆ ಈ ಅಂಕಿಗಳನ್ನು ನಂಬಿ ‘ಎರಡು ಅಡಿ ಅಗೆದರೆ ಏನೂ ಆಗದು’ ಎನ್ನುವಂತಿಲ್ಲ. ರಸ್ತೆಗೆ ಮಣ್ಣು ಹಾಕಿದಾಗ ಆಳ ಹೆಚ್ಚುತ್ತದೆ, ಕೆರೆದಾಗ ಕಡಿಮೆಯಾಗುತ್ತದೆ. ಬಂಡೆ ಸಿಕ್ಕ ಕಡೆ ಕೇಬಲ್ ಮೇಲಕ್ಕೇ ಉಳಿದಿರಬಹುದು. ಅಂತಿಮ ಖಾತರಿ ಟ್ರಯಲ್ ಪಿಟ್‌ನಿಂದ ಮಾತ್ರ. ಅಂದರೆ ಯಂತ್ರ ಇಳಿಸುವ ಮುನ್ನ ಗುರುತಿನ ಬಳಿ ಕೈಯಿಂದ ಚಿಕ್ಕ ಗುಂಡಿ ತೋಡಿ, ಮಾರ್ಗವನ್ನು ಕಣ್ಣಾರೆ ನೋಡುವುದು. ಇಲ್ಲಿ ಹಾರೆ, ಪಿಕಾಸಿಯಿಂದ ಬಲವಾಗಿ ಕುಟ್ಟದೆ ಸಲಿಕೆಯಿಂದ ಮಣ್ಣನ್ನು ಪದರ ಪದರವಾಗಿ ತೆಗೆಯಬೇಕು. ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿ, ಸಾಲಾಗಿ ಜೋಡಿಸಿದ ಇಟ್ಟಿಗೆ, ಸಿಮೆಂಟ್ ಹಲಗೆ ಅಥವಾ ಬೇರೆಡೆಯಿಂದ ತಂದ ನಯವಾದ ಮರಳು ಕಂಡರೆ ಕೆಳಗೆ ಏನೋ ಇದೆ ಎಂದೇ ತಿಳಿದು ನಿಲ್ಲಿಸಬೇಕು.

ಸಣ್ಣ ಗೀರೂ ಜೀವ ತೆಗೆದೀತು

2004ರ ಜುಲೈ 30ರಂದು ಬೆಲ್ಜಿಯಂನ ಗಿಲೆಂಗಿಯನ್ ಎಂಬಲ್ಲಿ ಅನಿಲ ಕೊಳವೆ ಸ್ಫೋಟಿಸಿ, ಅಗ್ನಿಶಾಮಕ ಸಿಬ್ಬಂದಿಯೂ ಸೇರಿ 24 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಸ್ಫೋಟದ ಹೊತ್ತಿನಲ್ಲಿ ಯಾರೂ ಕೊಳವೆಗೆ ಪೆಟ್ಟು ಕೊಟ್ಟಿರಲಿಲ್ಲ. ಅದಕ್ಕೂ ಮುಂಚೆ ನಡೆದ ಕಾಮಗಾರಿಯಲ್ಲಿ ಯಂತ್ರ ತಾಗಿ ಕೊಳವೆಯ ಗೋಡೆ ತೆಳುವಾಗಿತ್ತು. ಮುಂದೆ ಒಳಗಿನ ಒತ್ತಡ ಏರಿದಾಗ ಅದೇ ಜಾಗ ಬಾಯಿಬಿಟ್ಟಿತು.

ಈ ದುರಂತದ ಪಾಠ ಒಂದೇ. ಪೈಪ್‌ಗೆ ಗೀರು ಬಿದ್ದರೂ, ಕೇಬಲ್‌ನ ಮೇಲ್ಪದರ ಸುಲಿದರೂ ಮಣ್ಣು ಮುಚ್ಚಿ ಸುಮ್ಮನಾಗಬಾರದು. ಸಂಬಂಧಪಟ್ಟ ಸಂಸ್ಥೆಗೆ ತಿಳಿಸಿ, ಅವರು ನೋಡಿದ ಮೇಲೆಯೇ ಮುಚ್ಚಬೇಕು.

ಪೆಟ್ಟು ಬಿದ್ದೇ ಬಿಟ್ಟರೆ?

* ಗ್ಯಾಸ್ ವಾಸನೆ ಅಥವಾ ಸೀಟಿಯಂಥ ಶಬ್ದ ಬಂದರೆ ಎಲ್ಲರೂ ಕೆಲಸ ಬಿಟ್ಟು ಗಾಳಿ ಬೀಸಿ ಬರುವ ದಿಕ್ಕಿನತ್ತ ದೂರ ಹೋಗಬೇಕು. ಬೀಡಿ, ಬೆಂಕಿ, ಸ್ವಿಚ್ ಬೇಡ. ಮೊಬೈಲ್ ಅನ್ನು ದೂರ ಹೋದ ಮೇಲೆಯೇ ಬಳಸಿ. ಸೋರುವ ಪೈಪನ್ನು ಬಟ್ಟೆ ಸುತ್ತಿ ಅಥವಾ ಮಣ್ಣು ಮುಚ್ಚಿ ನಿಲ್ಲಿಸಲು ಯತ್ನಿಸಬೇಡಿ. ಸುತ್ತಲಿನ ಮನೆಯವರನ್ನು ಹೊರಗೆ ಕಳಿಸಿ, ಗ್ಯಾಸ್ ಕಂಪನಿಯ ತುರ್ತು ಸಂಖ್ಯೆಗೆ ಹಾಗೂ 112ಕ್ಕೆ ಕರೆ ಮಾಡಿ.
* ವಿದ್ಯುತ್ ಕೇಬಲ್‌ಗೆ ತಾಗಿದರೆ ಜೆಸಿಬಿ ಚಾಲಕ ಕೆಳಗಿಳಿಯದೆ ಕ್ಯಾಬಿನ್‌ನಲ್ಲೇ ಇರಬೇಕು. ಉಳಿದವರು ಯಂತ್ರವನ್ನು ಮುಟ್ಟಬಾರದು, ಹತ್ತಿರವೂ ಹೋಗಬಾರದು. ಯಂತ್ರಕ್ಕೆ ಬೆಂಕಿ ಹತ್ತಿ ಇಳಿಯಲೇಬೇಕಾದರೆ, ಯಂತ್ರ ಮತ್ತು ನೆಲ ಎರಡನ್ನೂ ಒಟ್ಟಿಗೆ ಮುಟ್ಟದಂತೆ ಎರಡೂ ಕಾಲು ಜೋಡಿಸಿ ಜಿಗಿದು, ಪಾದಗಳನ್ನು ನೆಲದಿಂದ ಎತ್ತದೆ ಸರಿಯುತ್ತ ದೂರ ಹೋಗಬೇಕು.
* ಒಎಫ್‌ಸಿ ತುಂಡಾದರೆ ಅದರ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬಾರದು. ಒಳಗಿನ ಲೇಸರ್ ಬೆಳಕು ಕಣ್ಣಿಗೆ ಕಾಣದಿದ್ದರೂ ಹಾನಿ ಮಾಡಬಲ್ಲದು.

ಗುತ್ತಿಗೆ ಪತ್ರದಲ್ಲೇ ಬರೆಸಿ

ಮುನ್ಸೂಚನೆ ಕೊಡುವವರು ಯಾರು, ಗುರುತು ಮಾಡಿಸುವವರು ಯಾರು, ಹಾನಿಯಾದರೆ ಹೊಣೆ ಯಾರದು ಎಂಬುದನ್ನು ಕೆಲಸ ಒಪ್ಪಿಸುವಾಗಲೇ ಬರೆದುಕೊಳ್ಳಬೇಕು. ಇಲ್ಲದಿದ್ದರೆ ಮಾಲೀಕರು ಗುತ್ತಿಗೆದಾರರತ್ತ, ಗುತ್ತಿಗೆದಾರರು ಜೆಸಿಬಿ ಚಾಲಕನತ್ತ ಬೆರಳು ತೋರಿಸುವುದೇ ಆಗುತ್ತದೆ.

ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ವಿಠ್ಠಲ್ ಮಲ್ಯ ರಸ್ತೆಗಳಲ್ಲಿ ಟೆಂಡರ್ ಶ್ಯೂರ್ ಯೋಜನೆಯಡಿ ಕೇಬಲ್, ಪೈಪ್‌ಗಳಿಗೆ ಫುಟ್‌ಪಾತ್ ಅಡಿಯಲ್ಲೇ ಪ್ರತ್ಯೇಕ ಜಾಗ ಮಾಡಲಾಗಿದೆ. ಎಲ್ಲ ಬೀದಿಗಳೂ ಹಾಗಾಗುವವರೆಗೆ ನೆಲದೊಳಗಿನ ಲೆಕ್ಕ ಕೇಳಿಯೇ ತಿಳಿಯಬೇಕು. ಗುಂಡಿಗೆ ಇಳಿಯುವವರು ಬಹುತೇಕ ದಿನಗೂಲಿಯ ಕಾರ್ಮಿಕರು. ಕೆಳಗೆ ಏನಿದೆ ಎಂದು ಅವರಿಗೆ ಮೊದಲೇ ತಿಳಿಸುವುದು ಕೆಲಸ ಮಾಡಿಸುವವರ ಹೊಣೆ.